ಬಳಸುವವರು ಕೊಟ್ಟ ಅಂಕ

ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಕೇಳಿದ ಸಂಪಾದಕರು ಜೊತೆಗೇ ಒಂದು ಷರತ್ತನ್ನೂ ಹಾಕಿದ್ದರು: ರಸಾಯನಶಾಸ್ತ್ರ ಬೇಡ. ಹಿಂದೊಮ್ಮೆ ಸಾಬೂನಿನ ಬಗ್ಗೆ ನಾವು ಬರೆದದ್ದನ್ನು ಸದಸ್ಯರು ಎಷ್ಟು ಗೌರವದಿಂದ ಓದದೆ ಬಿಟ್ಟರೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಆದಕಾರಣ ಈ ಸಲ ಸರ್ಕಾರಿ ಕಚೇರಿಗಳ ವಿಷಯ. ಅದರಲ್ಲಿ ಅನುಭವವಿಲ್ಲದ ಕನ್ನಡಿಗರನ್ನು ನಾವಿನ್ನೂ ಕಂಡಿಲ್ಲ. ಕೊನೆಗೆ ಸ್ವಲ್ಪ ರಸಾಯನಶಾಸ್ತ್ರ ನುಸುಳಿದರೆ ವಾಚಕರು ಮನ್ನಿಸಬೇಕು, ಹುಟ್ಟುಗುಣ. ಮತ್ತೊಂದು ಮಾತು: 'ನಾವು' ಎಂದು ಬರೆಯುವುದು ದೊಡ್ಡಸ್ತಿಕೆಯಿಂದಲ್ಲ. ಪ್ರಯೋಗಶಾಲೆಯ ಪ್ರಬಂಧಗಳಲ್ಲಿ ಒಬ್ಬರೇ ದುಡಿದಿದ್ದರೂ 'ನಾವು ಅಳೆದೆವು, ನಾವು ಕಂಡೆವು' ಎಂದೇ ಬರೆಯುವ ರೂಢಿ. ಅದು ಕೈಗೆ ಹತ್ತಿಬಿಟ್ಟಿದೆ. ಅಲ್ಲದೆ ಇಲ್ಲಿ ಬರುವ ಅನುಭವಗಳಲ್ಲಿ ಮನೆಯವರೆಲ್ಲರ ಪಾಲೂ ಉಂಟು.

ಮೊದಲು ಬೆಂಗಳೂರಿನ ಕಥೆ. 1994ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ವಾರವಾರವೂ ಒಂದು ವಿಚಿತ್ರವಾದ ಫಲಿತಾಂಶ ಪ್ರಕಟವಾಗುತ್ತಿತ್ತು. ಪರೀಕ್ಷೆಗೆ ಕೂತವರು ಹುಡುಗರಲ್ಲ. ನಗರಪಾಲಿಕೆ, ವಿದ್ಯುತ್ ಮಂಡಳಿ, ಜಲಮಂಡಳಿ, ದೂರವಾಣಿ ಇಲಾಖೆ, ಅಭಿವೃದ್ಧಿ ಪ್ರಾಧಿಕಾರ, ಆರ್.ಟಿ.ಓ., ಸರ್ಕಾರಿ ಆಸ್ಪತ್ರೆ, ರಾಷ್ಟ್ರೀಕೃತ ಬ್ಯಾಂಕು. ಅಂಕ ಕೊಟ್ಟವರು ಊರಿನ ಜನ. ನಮ್ಮ ತಂದೆಯವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಆ ತುಣುಕುಗಳನ್ನೆಲ್ಲ ಕತ್ತರಿಸಿ, ಮನೆಯವರ ಜಾತಕಗಳ ಕಟ್ಟಿನೊಡನೆ ಟ್ರಂಕಿನಲ್ಲಿ ಇಟ್ಟಿದ್ದರು. ನಮಗಾಗ ಅಕ್ಷರ ಕೂಡಿಸಿ ಓದುವ ವಯಸ್ಸು. ಅವುಗಳ ಅರ್ಥ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ, ಒಂದು ದಸರಾ ರಜದಲ್ಲಿ ಟ್ರಂಕು ಜಾಲಾಡಿಸಿದಾಗ. ಸರ್ಕಾರಿ ಬ್ಯಾಂಕುಗಳ ಸೇವೆಯಿಂದ ತೃಪ್ತರಾದವರು ನೂರಕ್ಕೆ 20 ಮಂದಿ ಎಂದಿತ್ತು. ನಮಗೆ ನಗು ತಡೆಯಲಿಲ್ಲ. ತಂದೆಯವರು ಕನ್ನಡಕ ತೆಗೆದು, "ನಗಬೇಡ್ರೋ, ಆ ತರಗತಿಗೆ ನಾವೇ ಎರಡನೆಯವರು" ಎಂದರು. ನಿಜವೇ ಆಗಿತ್ತು. ಆಸ್ಪತ್ರೆಗಳಿಗೆ 25 ಬಂದಿತ್ತು. ಮಿಕ್ಕವರದೆಲ್ಲ ಒಂದಂಕಿಯ ಬಾಳು: ದೂರವಾಣಿಗೆ 9, ವಿದ್ಯುತ್ತಿಗೆ 6, ಪಾಲಿಕೆಗೆ 5, ನೀರಿಗೆ 4. ಅಭಿವೃದ್ಧಿ ಪ್ರಾಧಿಕಾರದಿಂದ ತೃಪ್ತರಾದವರು ನೂರಕ್ಕೆ ಒಬ್ಬರು, ಅತೃಪ್ತರಾದವರು 65 ಮಂದಿ.

ಈ ಪರೀಕ್ಷೆ ನಡೆಸಿದವರು ಡಾ. ಸ್ಯಾಮುಯೆಲ್ ಪಾಲ್ ಎಂಬ ಅರ್ಥಶಾಸ್ತ್ರಜ್ಞರು. ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದು, ಆಮೇಲೆ ವಿಶ್ವಬ್ಯಾಂಕಿನಲ್ಲಿ ಸಲಹೆಗಾರರಾಗಿದ್ದು, ಬೆಂಗಳೂರಿಗೆ ಬಂದು ನೆಲೆಸಿದವರು. ಊರಿನ ಸ್ಥಿತಿ ನೋಡಿ ಸಂಪಾದಕರಿಗೆ ಪತ್ರ ಬರೆದು ಸುಮ್ಮನಾಗುವ ವಯಸ್ಸು ಅವರದು. ಅವರು ಹಾಗೆ ಮಾಡದೆ ಕೆಲವು ನಾಗರಿಕರನ್ನು ಕೂಡಿಸಿಕೊಂಡು 1993ರಲ್ಲಿ ಸಮೀಕ್ಷೆ ಮಾಡಿಸಿದರು. ಮಧ್ಯಮ ವರ್ಗದ ಮನೆಗಳು, ಕೊಳೆಗೇರಿಯ ಮನೆಗಳು ಸೇರಿ ಸಾವಿರಕ್ಕೂ ಮೇಲ್ಪಟ್ಟು ಸಂಸಾರಗಳನ್ನು ಮಾತನಾಡಿಸಿದರು. ಆ ಕೆಲಸ ಮುಂದುವರಿಸಲೆಂದು 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಹುಟ್ಟಿತು. ಡಾ. ಪಾಲ್ 2015ರಲ್ಲಿ ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಗುಟ್ಟಿರುವುದು ಪ್ರಶ್ನೆ ಕೇಳಿದ ರೀತಿಯಲ್ಲಿ. 'ಸರ್ಕಾರ ಹೇಗಿದೆ?' ಎಂದು ಕೇಳಿದರೆ ನಮ್ಮ ಜನ ಎರಡು ಗಂಟೆ ಮಾತನಾಡಿಯಾರು, ಅದರಿಂದ ಒಂದು ಸಂಖ್ಯೆಯೂ ಹೊರಡದು. ಅವರು ಕೇಳಿದ್ದು ಬೇರೆ. ಈಚಿನ ತಿಂಗಳುಗಳಲ್ಲಿ ನೀವೇ ಈ ಕಚೇರಿಗೆ ಹೋಗಿದ್ದಿರಾ? ಹೋಗಿಲ್ಲವಾದರೆ ಅದಕ್ಕೆ ಅಂಕ ಕೊಡುವ ಹಕ್ಕಿಲ್ಲ. ಹೋಗಿದ್ದರೆ, ಎಷ್ಟು ಸಲ? ಕೆಲಸ ಆಯಿತೇ? ಸಿಬ್ಬಂದಿ ಹೇಗೆ ನಡೆದುಕೊಂಡರು? ರಸೀದಿ ಇಲ್ಲದ ಹಣ ಕೊಡಬೇಕಾಯಿತೇ, ಎಷ್ಟು? ಇಷ್ಟೆಲ್ಲ ಆದ ಮೇಲೆ ಒಂದರಿಂದ ಏಳರವರೆಗೆ ಒಂದು ಅಂಕ. ಅಂದರೆ ಅಂಕ ಕೊಡುವವರು ಅಭಿಪ್ರಾಯದವರಲ್ಲ, ಬಳಸಿದವರು. ಅಡಿಗೆ ಹೇಗಿದೆ ಎಂದು ಬೀದಿಯಲ್ಲಿ ಹೋಗುವವರನ್ನು ಕೇಳುವುದಕ್ಕೂ ಪಂಕ್ತಿಯಲ್ಲಿ ಉಂಡು ಎದ್ದವರನ್ನು ಕೇಳುವುದಕ್ಕೂ ಇರುವಷ್ಟು ವ್ಯತ್ಯಾಸ ಇದಕ್ಕುಂಟು.

ಎರಡನೆಯದು, ಯಾರನ್ನು ಕೇಳುವುದು ಎಂಬುದು. ನಮ್ಮ ವೃತ್ತಿಯಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಇದು: ಮಾದರಿ ತೆಗೆದುಕೊಳ್ಳುವಾಗ ತಪ್ಪಿದರೆ ಮುಂದೆ ಎಷ್ಟು ನಯವಾದ ತಕ್ಕಡಿಯಲ್ಲಿ ತೂಗಿದರೂ ಪ್ರಯೋಜನವಿಲ್ಲ. ಕೆರೆಯ ದಡದಲ್ಲಿ ತುಂಬಿಕೊಂಡ ಒಂದು ಬಾಟಲಿ ಇಡೀ ಕೆರೆಯಲ್ಲ. ದೂರು ಪೆಟ್ಟಿಗೆಯಲ್ಲಿ ಬಿದ್ದ ಕಾಗದಗಳೂ ಹಾಗೆಯೇ. ಅಲ್ಲಿ ಸಿಗುವುದು ಸಿಟ್ಟುಳ್ಳವರೂ ಬರೆಯಬಲ್ಲವರೂ ಮಾತ್ರ. ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿ, ಬಾಗಿಲು ತಟ್ಟಿ ಕೇಳಿದಾಗಲೇ ಬರೆಯಲಾರದವರ ದನಿಯೂ ಲೆಕ್ಕಕ್ಕೆ ಬರುವುದು.

ಈ ಅಂಕಪಟ್ಟಿಯಿಂದ ಏನಾಯಿತು? ತಕ್ಷಣ ಬಹಳವೇನೂ ಆಗಲಿಲ್ಲ. ಕೆಲವರು ಅಧಿಕಾರಿಗಳು ಮುಖ ತಿರುಗಿಸಿದರು. ಆಶ್ಚರ್ಯವೆಂದರೆ, ಎಲ್ಲರಿಗಿಂತ ಕೆಳಗಿನ ಅಂಕ ತೆಗೆದಿದ್ದ ಅಭಿವೃದ್ಧಿ ಪ್ರಾಧಿಕಾರದ ಮುಖ್ಯಸ್ಥರೇ ಮೊದಲು ಡಾ. ಪಾಲ್ ಅವರನ್ನು ಕರೆಸಿ ಏನು ಮಾಡಬಹುದೆಂದು ಕೇಳಿದರು. 1999ರಲ್ಲಿ ಎರಡನೆಯ ಸಮೀಕ್ಷೆಯಾದಾಗ ತೃಪ್ತಿ ಒಂದಿಷ್ಟು ಏರಿತ್ತು, ಲಂಚವೂ ಅದರ ಜೊತೆಗೇ ಏರಿತ್ತು. ಅದೇ ವರ್ಷದ ಕೊನೆಗೆ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದರು. ಒಂದೊಂದು ಸಂಸ್ಥೆಯ ಮುಖ್ಯಸ್ಥರೂ ತುಂಬಿದ ಸಭೆಯಲ್ಲಿ ಎದ್ದು ನಿಂತು, ತಾವು ಏನು ಮಾಡುತ್ತೇವೆ ಎಂದು ಹೇಳಬೇಕು. ಮುಂದಿನ ಸಭೆಯಲ್ಲಿ ಏನು ಮಾಡಿದೆವು ಎಂದು ಹೇಳಬೇಕು. 2003ರ ಮೂರನೆಯ ಸಮೀಕ್ಷೆಯಲ್ಲಿ ಒಂಬತ್ತು ಸಂಸ್ಥೆಗಳ ಸರಾಸರಿ ತೃಪ್ತಿ ನೂರಕ್ಕೆ 49ಕ್ಕೆ ಬಂದಿತ್ತು. 1994ರಲ್ಲಿ ಅದೇ ಲೆಕ್ಕ 9 ಇತ್ತು, 1999ರಲ್ಲಿ 34. 2004ರಲ್ಲಿ ಸರ್ಕಾರ ಬದಲಾಯಿತು. ಟಾಸ್ಕ್ ಫೋರ್ಸೂ ಅಲ್ಲಿಗೆ ನಿಂತಿತು.

ಈ 9ರಿಂದ 49ರ ಏರಿಕೆಯನ್ನು ಕೇಳಿದೊಡನೆ ಚಪ್ಪಾಳೆ ತಟ್ಟುವವರಿದ್ದಾರೆ. ನಾವು ಅರ್ಧ ಚಪ್ಪಾಳೆ ಮಾತ್ರ ತಟ್ಟುತ್ತೇವೆ. ದೂರವಾಣಿಯನ್ನೇ ತೆಗೆದುಕೊಳ್ಳಿ. 1994ರಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಜನ 2003ರ ವೇಳೆಗೆ ಅಂಗಡಿಗೆ ಹೋಗಿ ಮೊಬೈಲು ಕೊಂಡು ಬರುತ್ತಿದ್ದರು. ಅದು ಅಂಕಪಟ್ಟಿಯ ಮಹಿಮೆಯಲ್ಲ. ಯಂತ್ರದ ಮಹಿಮೆ, ಪೈಪೋಟಿಯ ಮಹಿಮೆ. ಪಾಲಿಕೆಯಲ್ಲಿ 2000ದಲ್ಲಿ ಮನೆ ಕಂದಾಯವನ್ನು ತಾವೇ ಲೆಕ್ಕಹಾಕಿ ಕಟ್ಟುವ ಪದ್ಧತಿ ಬಂತು. ಕಂದಾಯದ ಇನ್ಸ್‌ಪೆಕ್ಟರರ ಮುಖ ನೋಡುವ ಸಂದರ್ಭವೇ ಕಡಿಮೆಯಾಯಿತು. ಒಂದೇ ಪಾತ್ರೆಗೆ ಐದು ದ್ರವ್ಯಗಳನ್ನು ಒಟ್ಟಿಗೆ ಸುರಿದು, ಬಣ್ಣ ಬದಲಾದದ್ದು ಇಂಥದರಿಂದಲೇ ಎಂದು ಹೇಳಿದರೆ ನಮ್ಮ ಪ್ರಾಧ್ಯಾಪಕರು ಕಿವಿ ಹಿಂಡುತ್ತಿದ್ದರು. ಅಂಕಪಟ್ಟಿಯಿಂದಲೇ ಊರು ಸುಧಾರಿಸಿತೆಂದು ಹೇಳಲಾಗದು. ಆದರೆ ಅಂಕಪಟ್ಟಿ ಇಲ್ಲದಿದ್ದರೆ ಸುಧಾರಿಸಿತೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಈ ಎರಡನೆಯ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ.

ಅದೇ ಸಂಸ್ಥೆ ಪಾಲಿಕೆಯ ಹೆರಿಗೆ ಆಸ್ಪತ್ರೆಗಳನ್ನೂ ಪರಿಶೀಲಿಸಿತು. ಅಲ್ಲಿ ಹೆತ್ತ ಬಡ ತಾಯಂದಿರು ಹೇಳಿದ ಸಂಗತಿ ಇದು: ಹುಟ್ಟಿದ ಮಗುವಿನ ಮುಖ ನೋಡಲು ಹಣ ಕೊಡಬೇಕಾಗಿತ್ತು, ಗಂಡಾದರೆ ಹೆಚ್ಚು, ಹೆಣ್ಣಾದರೆ ಕಡಿಮೆ. ಯಾವ ಲೆಕ್ಕಪರಿಶೋಧಕರ ವರದಿಯಲ್ಲೂ ಇಂಥ ದರಪಟ್ಟಿ ಸಿಕ್ಕುವುದಿಲ್ಲ. ಹಾಸಿಗೆ ಎಷ್ಟು, ಔಷಧಿ ಎಷ್ಟು, ಹೆರಿಗೆ ಎಷ್ಟು ಎಂದು ಅವರು ಬರೆದುಕೊಂಡು ಹೋಗಿರುತ್ತಾರೆ, ಅದೂ ಸರಿಯಾಗಿಯೇ. ಹೆತ್ತವಳನ್ನು ಕೇಳಿದವರಿಗೆ ಮಾತ್ರ ಇದು ತಿಳಿಯಿತು.

ಈಗ ನಮ್ಮ ನೈರೋಬಿಗೆ ಬರೋಣ. ಬೆಂಗಳೂರಿನ ಈ ಪದ್ಧತಿ ಕಡಲು ದಾಟಿ ನಾವೆಲ್ಲರೂ ಇರುವ ಊರಿಗೇ ಬಂದದ್ದು ನಮ್ಮ ಸದಸ್ಯರಲ್ಲಿ ಅನೇಕರಿಗೆ ತಿಳಿದಿರಲಾರದು. 2007ರಲ್ಲಿ ನೈರೋಬಿ, ಮೊಂಬಾಸಾ, ಕಿಸುಮು ಈ ಮೂರು ಊರುಗಳ ನೀರು, ಒಳಚರಂಡಿ, ಕಸವಿಲೇವಾರಿ ಸೇವೆಗಳ ಬಗ್ಗೆ ಜನರ ಅಂಕಪಟ್ಟಿ ಪ್ರಕಟವಾಯಿತು. ವಿಶ್ವಬ್ಯಾಂಕಿನ ನೀರು ಮತ್ತು ನೈರ್ಮಲ್ಯ ಕಾರ್ಯಕ್ರಮದ ಬೆಂಬಲವಿತ್ತು. ವಿದ್ಯೆ ಕಲಿಸಿಕೊಟ್ಟವರು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಫೌಂಡೇಶನ್, ಡಾ. ಪಾಲ್ ಅವರ ಸಂಸ್ಥೆಯ ಸೋದರ ಸಂಸ್ಥೆ. ನಮ್ಮವರು ಈ ನಾಡಿಗೆ ರೈಲುಹಾದಿ ಹಾಕಲು ಬಂದರು, ಅಂಗಡಿ ಇಡಲು ಬಂದರು, ಪಾಠ ಹೇಳಲು ಬಂದರು ಎಂದು ಹಿರಿಯರು ಹೇಳುವುದುಂಟು. ಪ್ರಶ್ನೆ ಕೇಳುವ ವಿದ್ಯೆಯೂ ನಮ್ಮೂರಿಂದ ಬಂತೆಂದು ಅವರು ಆ ಪಟ್ಟಿಗೆ ಸೇರಿಸಿಕೊಳ್ಳಬಹುದು. ಕೀನ್ಯಾದವರು ಈ ವಿದ್ಯೆಗೆ ಹೊಸಬರೇನೂ ಆಗಿರಲಿಲ್ಲ. 2002ರಲ್ಲೇ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಇಲ್ಲಿಯ ಶಾಖೆ ಪಟ್ಟಣವಾಸಿಗಳನ್ನು ಕೇಳಿ ಲಂಚದ ಸೂಚ್ಯಂಕವೊಂದನ್ನು ಪ್ರಕಟಿಸಿತ್ತು. ಪಟ್ಟಣವಾಸಿಯೊಬ್ಬ ತಿಂಗಳಿಗೆ ಸರಾಸರಿ 16 ಲಂಚ ಕೊಡುತ್ತಾನೆಂದು ಅದರಲ್ಲಿತ್ತು. ಮೊದಲ ಸ್ಥಾನ ಯಾವ ಇಲಾಖೆಗೆಂದು ಸಂಜೆಯ ಹೊತ್ತು ಇಲ್ಲಿ ಕಾರು ಓಡಿಸಿದವರಿಗೆ ಹೇಳಬೇಕಾಗಿಲ್ಲ.

ನೀರಿನ ಅಂಕಪಟ್ಟಿ ಬಂದ ಕಾಲ ಒಳ್ಳೆಯದಾಗಿತ್ತು. 2002ರ ಜಲ ಕಾಯಿದೆಯಿಂದ ನೀರಿನ ಕೆಲಸ ನಗರಸಭೆಯ ಇಲಾಖೆಯ ಕೈಯಿಂದ ಕಂಪನಿಗೆ ಬಂದಿತ್ತು. ಮೇಲೆ ಒಂದು ನಿಯಂತ್ರಣ ಮಂಡಳಿಯೂ ಕೂತಿತ್ತು. ಮಾಸಾಯಿ ಮಾತಿನಲ್ಲಿ ತಣ್ಣೀರಿನ ತಾಣ ಎಂಬ ಅರ್ಥದಿಂದ ಹೆಸರು ಪಡೆದ ಊರು ಇದು. ಈಗ ಇದರ ನೀರಿನ ಬಹುಪಾಲು 1994ರಲ್ಲಿ ಮುಗಿದ ಎನ್‌ಡಕೈನಿ ಅಣೆಕಟ್ಟಿನಿಂದ ಬರಬೇಕು. ದಾರಿಯಲ್ಲಿ ಸೋರಿ, ಕದ್ದು, ಲೆಕ್ಕಕ್ಕೆ ಸಿಗದೆ ಹೋಗುವ ನೀರು ಕೀನ್ಯಾದಲ್ಲಿ ನೂರಕ್ಕೆ 40ಕ್ಕೂ ಮೇಲೆ ಎಂಬುದನ್ನು ನಿಯಂತ್ರಣ ಮಂಡಳಿಯೇ ತನ್ನ ವಾರ್ಷಿಕ ವರದಿಗಳಲ್ಲಿ ಬರೆಯುತ್ತ ಬಂದಿದೆ. ಅಂಕಪಟ್ಟಿ ಎತ್ತಿ ತೋರಿಸಿದ್ದು ಇನ್ನೊಂದು ಸಂಗತಿ: ಮನೆಗೆ ನಲ್ಲಿಯಿಲ್ಲದ ಬಡವರು ಗೂಡಂಗಡಿಯಂಥ ನೀರಿನ ಕಿಯೋಸ್ಕುಗಳನ್ನೇ ನಂಬಿದ್ದಾರೆ, ನಲ್ಲಿಯಿರುವವರಿಗಿಂತ ಕಡಿಮೆ ನೀರು ಬಳಸುತ್ತಾರೆ, ಹೆಚ್ಚು ಬೆಲೆ ಕೊಡುತ್ತಾರೆ. 2010ರ ಸಂವಿಧಾನದ 43ನೆಯ ವಿಧಿಯಲ್ಲಿ ಶುದ್ಧವಾದ ನೀರು, ಸಾಕಷ್ಟು ಪ್ರಮಾಣದಲ್ಲಿ, ಪ್ರತಿಯೊಬ್ಬರ ಹಕ್ಕು ಎಂದು ಬರೆದಿದ್ದಾರೆ. ಓದಲು ಚೆನ್ನಾಗಿದೆ.

ಇದನ್ನು ನಾವು ಕಾಗದದಿಂದ ತಿಳಿದದ್ದಕ್ಕಿಂತ ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾಮಾ ಅವರಿಂದ ಚೆನ್ನಾಗಿ ತಿಳಿದೆವು. ಇಲ್ಲಿ ಮಾಮಾ ಎಂದರೆ ತಾಯಿ. ಊರಿನಿಂದ ಹೊಸದಾಗಿ ಬಂದ ನಮ್ಮ ಅಮ್ಮ ಮೊದಲ ವಾರವೆಲ್ಲ 'ಯಾವ ಮಾಮ ಬಂದಿದ್ದಾರೆ?' ಎಂದು ಸೆರಗು ಸರಿಮಾಡಿಕೊಂಡು ಹೊರಗೆ ಬರುತ್ತಿದ್ದರು. ಅವರ ವಾಸ ಕಿಬೇರಾದಲ್ಲಿ. "ನಿಮ್ಮಲ್ಲಿ ನೀರು ಹೇಗೆ?" ಎಂದು ಕೇಳಿದೆವು. "ಸಾವಾ ತು" ಎಂದರು. ಅಂದರೆ, ಏನೋ ಪರವಾಗಿಲ್ಲ. ನಮ್ಮಲ್ಲಿ 'ಹೇಗಿದ್ದೀರಿ?' ಎಂದರೆ, ಮೈಯಲ್ಲಿ ಜ್ವರವಿದ್ದರೂ 'ಏನೋ ನಡೀತಾ ಇದೆ' ಎನ್ನುವ ಹಾಗೆ. ತೃಪ್ತಿಯನ್ನೇ ಕೇಳುವ ಸಮೀಕ್ಷೆಯವರು ಇಷ್ಟಕ್ಕೆ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗಿಬಿಟ್ಟಾರು.

ನಾವು ಬೆಂಗಳೂರಿನ ಕ್ರಮದಲ್ಲಿ ಕೇಳಿದೆವು. ದಿನಕ್ಕೆ ಎಷ್ಟು ಮ್ಟುಂಗಿ? ನಾಲ್ಕು. ಒಂದಕ್ಕೆ ಎಷ್ಟು? 5 ಶಿಲ್ಲಿಂಗ್, ನೀರಿಲ್ಲದ ವಾರ 10, ಕೆಲವು ಸಲ 20. ಸಾಲಿನಲ್ಲಿ ಎಷ್ಟು ಹೊತ್ತು? ಅದಕ್ಕೆ ಅವರು ನಕ್ಕರು. ದೊಡ್ಡ ಮಗಳು ಶಾಲೆಗೆ ತಡವಾಗಿ ಹೋದದ್ದಕ್ಕೆ ಮೇಷ್ಟ್ರಿಂದ ಬಂದ ಚೀಟಿಗಳನ್ನು ಎಣಿಸಿದರೆ ಗೊತ್ತಾಗುತ್ತದೆ ಎಂದರು. ಲೆಕ್ಕ ಹಾಕಿ ನೋಡಿ: ಒಂದು ಮ್ಟುಂಗಿಗೆ 20 ಲೀಟರು, ಸಾವಿರ ಲೀಟರಿಗೆ 50 ಮ್ಟುಂಗಿ, 250 ಶಿಲ್ಲಿಂಗ್. ಒಳಚರಂಡಿಯ ಶುಲ್ಕ ಸೇರಿಸಿದರೂ ನಲ್ಲಿ ನೀರಿಗೆ ನಾವು ಕೊಡುವುದು ಅದರ ಅರ್ಧಕ್ಕೂ ಕಡಿಮೆ. ಹೊತ್ತು ತರುವ ಕೂಲಿ ಬೇರೆ, ಅದನ್ನು ಯಾರೂ ಕೊಡುವುದಿಲ್ಲ. ಇಷ್ಟೂ ಹೇಳಿದ ಮೇಲೆ, ಏಳಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಮತ್ತೆ ಕೇಳಿದೆವು. ಸ್ವಲ್ಪ ಯೋಚಿಸಿ, "ಎರಡು" ಎಂದರು. 'ಸಾವಾ ತು' ಎಂದಿದ್ದ ಬಾಯೇ ಅದು.

ಪ್ರಶ್ನೆ ಕೇಳುವವರು ಯಾರೆಂಬುದೂ ಮುಖ್ಯ. ಈಗ ಪ್ರತಿ ಕಚೇರಿಯೂ ತನ್ನ ಗ್ರಾಹಕರ ತೃಪ್ತಿಯನ್ನು ಅಳೆಯಬೇಕೆಂಬ ಕಟ್ಟಳೆ ಕೀನ್ಯಾದಲ್ಲಿದೆ. 2004ರಿಂದ ಇಲ್ಲಿ ಸರ್ಕಾರಿ ಸಂಸ್ಥೆಗಳು ಕಾರ್ಯಸಾಧನೆಯ ಕರಾರಿಗೆ ಸಹಿ ಹಾಕುತ್ತ ಬಂದಿವೆ. ಒಂದು ಕಚೇರಿಯಲ್ಲಿ (ಯಾವುದೆಂದು ಕೇಳಬೇಡಿ, ನಮಗೆ ಅಲ್ಲಿ ಇನ್ನೂ ಕೆಲಸವಿದೆ) ನಾಲ್ಕನೆಯ ಸಲ ಹೋದಾಗ ಬೇಕಾದ ಕಾಗದಕ್ಕೆ ಮೊಹರು ಬಿತ್ತು. ಗುಮಾಸ್ತರು ಆ ಕಾಗದವನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ತೃಪ್ತಿಯ ನಮೂನೆಯನ್ನು ಮುಂದೆ ತಳ್ಳಿ, 'ಬಹಳ ಚೆನ್ನಾಗಿದೆ' ಎಂಬ ಚೌಕದ ಮೇಲೆ ತಮ್ಮ ಪೆನ್ನಿನ ತುದಿಯನ್ನು ಊರಿ ತೋರಿಸಿದರು. ನಾವು ಗುರುತು ಹಾಕಿದೆವು, ಎಡಗೈ ಸಡಿಲವಾಯಿತು. ಆ ಕಚೇರಿಯ ವರ್ಷದ ತೃಪ್ತಿ ನೂರಕ್ಕೆ ತೊಂಬತ್ತು ದಾಟಿದ್ದರೆ ನಮಗೇನೂ ಆಶ್ಚರ್ಯವಿಲ್ಲ. ಡಾ. ಪಾಲ್ ಅವರ ಸಮೀಕ್ಷೆಗೆ ಬೆಲೆ ಬಂದದ್ದು ಕೇಳಿದವರ ಕೈಯಲ್ಲಿ ಯಾರ ಕಾಗದವೂ ಇರಲಿಲ್ಲವಾದ್ದರಿಂದ.

ಇಲ್ಲಿಯವರೆಗೆ ಸಂಪಾದಕರ ಷರತ್ತನ್ನು ಪಾಲಿಸಿದ್ದಾಯಿತು. ಇನ್ನು ಮೇಲಿನದು ನಮ್ಮ ಕಟ್ಟಡದ ವಿಷಯ, ಅದರಲ್ಲಿ ರಸಾಯನಶಾಸ್ತ್ರ ತಾನಾಗಿ ಬಂದಿದೆ.

ನಮ್ಮ ಕಟ್ಟಡದಲ್ಲಿ 24 ಮನೆಗಳು. ನೀರು ಎರಡು ಕಡೆಯಿಂದ: ಪಾಳಿಯ ಪ್ರಕಾರ ವಾರದಲ್ಲಿ ಕೆಲವು ದಿನ ಬರುವ ಊರ ನಲ್ಲಿ, ಹಗಲಿರುಳೂ ಬರುವ ಕಾಂಪೌಂಡಿನ ಬೋರ್‌ವೆಲ್. ಎರಡಕ್ಕೂ ಏಕೆ ಹಣ ಕಟ್ಟಬೇಕು, ನಲ್ಲಿಯ ಸಂಪರ್ಕ ತೆಗೆಸಿಬಿಡೋಣ ಎಂಬ ಮಾತು ಹುಟ್ಟಿತು. ನಿವಾಸಿಗಳ ಸಮಿತಿಯ ಅಧ್ಯಕ್ಷರು ನಿವೃತ್ತ ಉಪಾಧ್ಯಾಯರು, ಕಿಕುಯು ಹಿರಿಯರು. ಎಲ್ಲರೂ ಅವರನ್ನು ಮ್ವಾಲಿಮು ಎಂದೇ ಕರೆಯುವುದು. ಕೈ ಎತ್ತಿಸುವ ಬದಲು ಮನೆಮನೆಗೂ ಹೋಗಿ ಕೇಳೋಣವೆಂದು ನಾವು ಬೆಂಗಳೂರಿನ ಕಥೆ ಹೇಳಿದಾಗ ಅವರಿಗೆ ಬಹಳ ಹಿಡಿಸಿತು. 22 ಮನೆಗಳು ಉತ್ತರ ಕೊಟ್ಟವು. ಬೋರಿನ ನೀರಿಗೆ ಏಳಕ್ಕೆ ಆರರ ಹತ್ತಿರ ಸರಾಸರಿ. ಊರ ನಲ್ಲಿಗೆ ಮೂರೂ ಮುಟ್ಟಲಿಲ್ಲ. ತಿಳಿಯಾಗಿದೆ, ರುಚಿಯಾಗಿದೆ, ನಿಲ್ಲುವುದಿಲ್ಲ, ಬೌಸರಿಗೆ ಹೇಳಿಕಳಿಸುವ ತಾಪತ್ರಯವಿಲ್ಲ. ಜನ ಸುಳ್ಳು ಹೇಳಲಿಲ್ಲ. ಒಂದೊಂದು ಮಾತೂ ನಿಜ. ಸಂಪರ್ಕ ತೆಗೆಸುವ ಅರ್ಜಿಯೂ ಸಿದ್ಧವಾಯಿತು.

ಆ ಸಮೀಕ್ಷೆಗೆಂದು ಮೂರನೆಯ ಮಹಡಿಗೆ ಹೋಗಿದ್ದಾಗ ಆ ಮನೆಯ ಹನ್ನೊಂದು ವರ್ಷದ ಹುಡುಗ ಬಾಗಿಲು ತೆಗೆದು ನಕ್ಕ. ಹುಟ್ಟಿದ್ದು ಇದೇ ಕಟ್ಟಡದಲ್ಲಿ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಗೆರೆಗಳು. ತಾಯಿ, ಚಾಕೊಲೇಟು ತಿಂದು ಹೀಗಾಗಿದೆ, ಮೂರು ಬಗೆಯ ಪೇಸ್ಟು ಬದಲಾಯಿಸಿದ್ದಾಯಿತು ಎಂದರು. ಪಾವಗಡ, ಬಾಗೇಪಲ್ಲಿ ಕಡೆಯ ಹಳ್ಳಿಗಳನ್ನು ಕಂಡವರಿಗೆ ಆ ಗೆರೆಗಳ ಪರಿಚಯ ಉಂಟು. ನಮ್ಮ ಮನೆಯಲ್ಲೂ ಆರು ವರ್ಷದ ಮಗಳಿದ್ದಾಳೆ. ಹಾಲುಹಲ್ಲು ಬಿದ್ದು ಹೊಸದು ಬರುವ ವಯಸ್ಸು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಒಂದು ಬಾಟಲಿ ಬೋರಿನ ನೀರು, ಒಂದು ಬಾಟಲಿ ನಲ್ಲಿ ನೀರು ಪ್ರಯೋಗಶಾಲೆಗೆ ಒಯ್ದೆವು. ಫ್ಲೋರೈಡ್ ಅಳೆಯಲು ಲ್ಯಾಂಥನಮ್ ಫ್ಲೋರೈಡಿನ ಹರಳಿರುವ ಒಂದು ಕಡ್ಡಿ ಉಂಟು; ನೀರಿನಲ್ಲಿ ಅದ್ದಿದರೆ ಕೆಲವು ನಿಮಿಷಗಳಲ್ಲಿ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಕೀನ್ಯಾದ ಮಾನದಂಡವೂ ಅಷ್ಟೇ. ನಲ್ಲಿ ನೀರಿನಲ್ಲಿ ಅದು ಇದ್ದೂ ಇಲ್ಲದ ಹಾಗೆ. ನಮ್ಮ ಬೋರಿನಲ್ಲಿ ಮಿತಿಯ ಎರಡರಷ್ಟಕ್ಕೂ ಮೇಲೆ. ಮೂರು ಸಲ ಅಳೆದೆವು, ಮೂರು ಸಲವೂ ಅದೇ. ಇದು ಯಾರ ಅಪರಾಧವೂ ಅಲ್ಲ. ಪೂರ್ವ ಆಫ್ರಿಕದ ಈ ಸೀಳುಕಣಿವೆಯ ಜ್ವಾಲಾಮುಖಿ ಬಂಡೆಗಳಲ್ಲಿ ಫ್ಲೋರೈಡ್ ಹೇರಳವಾಗಿದೆ. ಆಳದ ನೀರು ಅದನ್ನು ಕರಗಿಸಿಕೊಂಡು ಬರುತ್ತದೆ. ನಕುರು ಕಡೆ ಇನ್ನೂ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಲ್ಲಿನ ಹೊದಿಕೆ ಬೆಳೆಯುವ ಎಳೆಯ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದವರೆಗೆ, ಕುಡಿದರೆ ಕಲೆ ಹಲ್ಲಿಗೆ ಉಳಿದುಬಿಡುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಕುಡಿದರೆ ಮೂಳೆಗೂ ಕೇಡು.

22 ಮನೆಗಳವರು ನೂರು ಸಲ ಕುಡಿದು ಅಂಕ ಕೊಟ್ಟರೂ ಇದು ಅಂಕದಲ್ಲಿ ಕಾಣುವುದಿಲ್ಲ. ಕಿಬೇರಾದ ಸಾಲಿನಲ್ಲಿ ಮಾಮಾ ಅವರ ಮಗಳು ಕಳೆಯುವ ಹೊತ್ತು ನಮ್ಮ ಕಡ್ಡಿಗೆ ಹೇಗೆ ಕಾಣುವುದಿಲ್ಲವೋ ಹಾಗೆ. ವಿಚಿತ್ರ ನೋಡಿ: ನಮ್ಮ ಅಂದಾಜಿನಂತೆ ಫ್ಲೋರೈಡಿನ ಮಟ್ಟಿಗೆ ಅವಳು ಹೊತ್ತು ತರುವ ಆ ಎರಡಂಕದ ನೀರೇ ನಮ್ಮ ಆರಂಕದ ನೀರಿಗಿಂತ ಮೇಲು, ಅದು ಬರುವುದು ಬೆಟ್ಟದ ಅಣೆಕಟ್ಟಿನಿಂದ. ದಾರಿಯಲ್ಲಿ ಮತ್ತೇನು ಸೇರುತ್ತದೋ ಅದು ಬೇರೆ ಮಾತು.

ಸಮಿತಿಯ ಸಭೆ ಸುಲಭವಾಗಿರಲಿಲ್ಲ. ಒಬ್ಬ ಗುಜರಾತಿ ಹಿರಿಯರು ಬಾಯಿ ತೆರೆದು ತೋರಿಸಿ, ಈ ನೀರನ್ನು ಹತ್ತು ವರ್ಷ ಕುಡಿದಿದ್ದೇನೆ, ಇವೆಲ್ಲ ನನ್ನ ಸ್ವಂತ ಹಲ್ಲು ಎಂದರು. ಅವರು ಕುಡಿಯಲು ಶುರುಮಾಡಿದ್ದು ಐವತ್ತನೆಯ ವಯಸ್ಸಿನಲ್ಲಿ ಎಂದು ವಿನಯದಿಂದ ಹೇಳಿದೆವು. ಕುದಿಸಿದರೆ ಹೋಗುವುದಿಲ್ಲವೇ ಎಂದು ಮತ್ತೊಬ್ಬರು ಕೇಳಿದರು. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ, ನೀಲಿ ದೀಪದ ಯಂತ್ರಕ್ಕೂ ಅದು ಜಗ್ಗುವುದಿಲ್ಲ. ಆರ್.ಓ. ಯಂತ್ರ ತೆಗೆಯುತ್ತದೆ, ಆದರೆ ಬಹಳಷ್ಟು ನೀರನ್ನು ಚರಂಡಿಗೆ ಬಿಡುತ್ತದೆ. ನಕುರುವಿನಲ್ಲಿ ದನದ ಮೂಳೆ ಸುಟ್ಟ ಇದ್ದಿಲಿನಿಂದ ಸೋಸುತ್ತಾರೆ ಎಂದಾಗ ಸಭೆಯ ಅರ್ಧ ಭಾಗ 'ರಾಮ ರಾಮ' ಎಂದಿತು. ಶಾಕಾಹಾರಿಗಳ ಸಮಾಧಾನಕ್ಕೆ ಪಟಿಕ ಮತ್ತು ಸುಣ್ಣದ ನಲ್ಗೊಂಡ ವಿಧಾನವನ್ನೂ ವಿವರಿಸಿದೆವು. ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದು. ಯಾರೂ ಪೂರ್ತಿ ಕೇಳಲಿಲ್ಲ. ಕೊನೆಗೆ ಮೂರನೆಯ ಮಹಡಿಯ ಆ ತಾಯಿ ಎದ್ದು ನಿಂತರು. ಮಗನ ಹಲ್ಲಿನ ವಿಷಯ ಹೇಳಿದರು, ಎರಡೇ ವಾಕ್ಯ. ಆಮೇಲೆ ಯಾರೂ ವಾದಿಸಲಿಲ್ಲ. ನಲ್ಲಿಯ ಸಂಪರ್ಕ ಉಳಿಸಿಕೊಳ್ಳುವುದು, ಅದಕ್ಕೊಂದು ಪ್ರತ್ಯೇಕ ತೊಟ್ಟಿ ಕಟ್ಟಿಸಿ ಪ್ರತಿ ಅಡಿಗೆಮನೆಗೂ ಒಂದು ಕೊಳಾಯಿ ಎಳೆಸುವುದು, ಬೋರಿನ ನೀರು ಸ್ನಾನಕ್ಕೂ ಬಟ್ಟೆಗೂ ಮಾತ್ರ ಎಂದು ತೀರ್ಮಾನವಾಯಿತು. ಖರ್ಚು ತಲೆಗೆ ಹಂಚಿದರು.

ಕೊಳಾಯಿ ಬಂದು ಆರು ತಿಂಗಳಾದ ಮೇಲೆ ಮ್ವಾಲಿಮು ಅವರು ಅದೇ ಪ್ರಶ್ನೆಗಳನ್ನು ಹಿಡಿದು ಮತ್ತೆ ಮನೆಮನೆಗೆ ಹೋದರು. ಕಟ್ಟಡದ ನೀರಿಗೆ ಒಟ್ಟಾರೆ ಅಂಕ ಆರರ ಹತ್ತಿರದಿಂದ ನಾಲ್ಕಕ್ಕೆ ಇಳಿದಿತ್ತು. ಅಡಿಗೆಮನೆಯ ಕೊಳಾಯಿ ಕೆಲವು ದಿನ ಒಣಗಿರುತ್ತದೆ, ತೊಟ್ಟಿ ನೋಡಿಕೊಳ್ಳಬೇಕು, ಎರಡು ಬಗೆಯ ನೀರಿನ ಲೆಕ್ಕ ಮಕ್ಕಳಿಗೂ ಕೆಲಸದವರಿಗೂ ಹೇಳಿಕೊಡಬೇಕು; ಮೊದಲಿಲ್ಲದ ಹೆದರಿಕೆ ಬೇರೆ. ನೀರು ಒಳ್ಳೆಯದಾಯಿತು, ಅಂಕ ಕೆಟ್ಟಿತು. ಮ್ವಾಲಿಮು ಕಾಗದವನ್ನು ನಮ್ಮ ಕೈಗಿಟ್ಟು, "ಡಾಕ್ಟಾರಿ, ನಿಮ್ಮ ವಿದ್ಯೆ ನಮ್ಮನ್ನು ಫೇಲು ಮಾಡಿತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಾಗದವನ್ನು ಹಾಗೆಯೇ ಕೆಳಗಿನ ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ. ಪಕ್ಕದಲ್ಲಿ ನಮ್ಮ ಫ್ಲೋರೈಡಿನ ಚೀಟಿಯೂ ಇದೆ. ಎರಡನ್ನೂ ಓದುವವರು ಕಡಿಮೆ, ಅಸ್ಕಾರಿಗಳು ಮಾತ್ರ ಪ್ರತಿ ಹೊಸ ಬಾಡಿಗೆದಾರರಿಗೂ ತೋರಿಸುತ್ತಾರೆ.

ನಮ್ಮ ಸದಸ್ಯರಲ್ಲಿ ಬೋರಿನ ನೀರನ್ನೇ ಕುಡಿಯುವ ಸಂಸಾರಗಳು ಹಲವು ಇವೆ ಎಂಬುದು ವನಭೋಜನದ ದಿನ ಮಾತಿನ ನಡುವೆ ತಿಳಿಯಿತು. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥರು ಶನಿವಾರಗಳಲ್ಲಿ ಉಪಕರಣ ಬಳಸಲು ಒಪ್ಪಿಗೆ ಕೊಟ್ಟಿದ್ದಾರೆ. ಯುಗಾದಿಯ ಸಮಾರಂಭಕ್ಕೆ ಬರುವಾಗ ಪ್ರತಿ ಮನೆಯವರೂ ಕುಡಿಯುವ ನೀರನ್ನು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬಹುದು. ಗಾಜಿನ ಸೀಸೆ ಬೇಡ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಜೊತೆಗೆ ಒಂದು ಚೀಟಿಯಲ್ಲಿ ಇಷ್ಟು ಬರೆದಿರಲಿ: ನೀರು ಎಲ್ಲಿಯದು, ವಾರಕ್ಕೆ ಎಷ್ಟು ದಿನ ಬರುತ್ತದೆ, ತಿಂಗಳಿಗೆ ಎಷ್ಟು ಕೊಡುತ್ತೀರಿ, ಎಂಟು ವರ್ಷದೊಳಗಿನ ಮಕ್ಕಳು ಎಷ್ಟು ಮಂದಿ, ಏಳಕ್ಕೆ ಎಷ್ಟು ಅಂಕ. ಮನೆಗೆಲಸದವರ ಮನೆಯ ನೀರನ್ನೂ ಅವರನ್ನು ಕೇಳಿ ತಂದರೆ ಒಳ್ಳೆಯದು. ಅವರ ಚೀಟಿ ಬೇರೆ ಇರಲಿ, ಅಂಕ ಅವರೇ ಕೊಡಲಿ.